ಓದಿ ಹೇಳದ ಸಾಲು

9 ಜೂನ್ 2025, ಸೋಮವಾರ
ಸಂಜೆ, ಕಲ್ಮಲದ ಬಸ್ಸು

ಸೀಟು ಸಿಕ್ಕಿದೆ. ಹೆಚ್ಚಾಗಿ ಸೀಟು ಸಿಕ್ಕ ದಿನವೇ ಈ ಡೈರಿ ಬರೆಯುವುದು ಅಂತಾಗಿದೆ.

ಇವತ್ತು ಮೂವತ್ತೆಂಟು ಅರ್ಜಿ ಟೈಪ್ ಮಾಡಿದೆ. ಹನ್ನೊಂದಕ್ಕೆ ಹೋದ ಕರೆಂಟು ಒಂದೂವರೆಗೆ ಬಂತು. ಶಾಲೆ ಶುರುವಾದ ದಿನಗಳು — ಜಾತಿ, ಆದಾಯ, ಟಿ.ಸಿ., ಹಾಸ್ಟೆಲ್ ಸೀಟು... ಅಂಗಡಿಯ ಕ್ಯೂ ರಸ್ತೆಗೆ ಇಳಿದಿತ್ತು. ತಲೆನೋವು. ಬೆರಳಿನ ಗೆಣ್ಣುಗಳೆಲ್ಲ ಉರಿ.

ಇಂಗ್ಲಿಷ್ ಅರ್ಜಿ ಬರೆಸುವವರಿಗೆಲ್ಲ ಆ ಸಾಲು ಬೇಕು. "ಅಕ್ಕಾರ, ಕೊನಿಗಿ ನಿಮ್ಮ ಆ ಲೈನ್ ಹಾಕ್ರಿ." ಐ ಆಮ್ ಫ್ಲೆಕ್ಸಿಬಲ್ ಆಂಡ್ ಕ್ಯಾನ್ ಅಡಾಪ್ಟ್ ಟು ಎನಿ ಪ್ಲೇಸ್ ಆಂಡ್ ಎನಿ ಸಿಚುಯೇಷನ್. ಯಾವ ಊರಿಗೂ, ಯಾವ ಪರಿಸ್ಥಿತಿಗೂ ಹೊಂದಿಕೊಳ್ಳುತ್ತೇನೆ — ಇಷ್ಟೇ ಅರ್ಥ. ಆದರೆ ಇಂಗ್ಲಿಷಿನಲ್ಲಿ ಕೋಟು ಹಾಕಿಕೊಂಡು ನಿಂತ ಹಾಗೆ ಕಾಣುತ್ತದೆ. ಬಿ.ಎ. ಎರಡನೇ ವರ್ಷದ ಪರೀಕ್ಷೆಯಲ್ಲಿ ನಾನೇ ಬರೆದದ್ದು. ಮೇಷ್ಟ್ರು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಗುಡ್' ಎಂದಿದ್ದರು. ಆ ಒಂದು ಗುಡ್ ಇಟ್ಟುಕೊಂಡು ರಾಯಚೂರಿನ ಪೀರಾ ಸಾಬರ ಟೈಪಿಂಗ್ ಅಂಗಡಿಯಲ್ಲಿ ಹದಿನಾಲ್ಕು ವರ್ಷ ಕಳೆದೆ. ಈಗ ಸಾರಿಗೆ ಉಪ್ಪು ಹಾಕಿದ ಹಾಗೆ ಕೈ ತಾನೇ ಹಾಕುತ್ತದೆ.

ನಾಲ್ಕರ ಹೊತ್ತಿಗೆ ದೇವದುರ್ಗದಿಂದ ಒಬ್ಬಳು. ಅಯ್ಯಮ್ಮ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆಯವಳು, ಹೊರಗುತ್ತಿಗೆ. ಮಾನ್ವಿಗೆ ವರ್ಗ ಮಾಡುತ್ತಾರಂತೆ. ಮನೆಯಲ್ಲಿ ಕಣ್ಣು ಕಾಣದ ತಂಗಿ. ಹಾಸ್ಟೆಲು ಮನೆಯ ಹಿಂದೆಯೇ, ನಡುನಡುವೆ ಹೋಗಿ ನೋಡಿ ಬರುತ್ತಾಳೆ. "ಮಾನ್ವಿಗಿ ಹೋದ್ರ ಆಕೀನ ಯಾರ್ ನೋಡ್ತಾರ್ರೀ ಅಕ್ಕಾರ? ನಂಗ ದೇವದುರ್ಗದಾಗ ಇರಾಕ ಬಿಡ್ರಿ ಅಂತ ಬರೀರಿ. ಅಷ್ಟ ಸಾಕು." ಅವಳಿಗೆ ಸಂಬಳ ಕೊಡುವ ಏಜೆನ್ಸಿಯ ಆಫೀಸು ಹೈದರಾಬಾದಿನಲ್ಲಿ, ಅಲ್ಲಿ ಕನ್ನಡ ನಡೆಯದು. ಇಂಗ್ಲಿಷಿನಲ್ಲೇ ಬರೆದೆ. ತಂಗಿಯ ಬಗ್ಗೆ ಒಂದು ಪ್ಯಾರಾ ಚೆನ್ನಾಗಿಯೇ ಬಂತು ಅನ್ನಿಸಿತು.

ಓದಿ ಹೇಳಲಿಲ್ಲ. ಪೀರಾ ಸಾಬರು ನಮಾಜಿಗೆ ಹೋಗಿದ್ದರು. ಅವರಿದ್ದರೆ ಬಿಡುತ್ತಿರಲಿಲ್ಲ. ಅವರ ಅಪ್ಪ ಕಚೇರಿ ಮುಂದೆ ಮರದ ಕೆಳಗೆ ಕೂತು ಅರ್ಜಿ ಬರೆಯುತ್ತಿದ್ದವರು. ಅವರ ಕಾಲದಿಂದ ಒಂದೇ ಕಟ್ಟಳೆ — ಕಾಗದ ಯಾವ ಭಾಷೆಯದಾದರೂ ಬರೆಸಿದವರ ಭಾಷೆಯಲ್ಲಿ ಓದಿ ಹೇಳಬೇಕು, "ಸರಿ ಅದಾ?" ಅಂತ ಕೇಳಬೇಕು, ಅವರು "ಸರಿ ಅದ" ಅಂದಮೇಲೇ ಸಹಿ. ಅಯ್ಯಮ್ಮನಿಗೆ ನಾಲ್ಕೂವರೆ ಬಸ್ಸು. ಹಿಂದೆ ಹನ್ನೆರಡು ಮಂದಿ. ಒಂದು ದಿನಕ್ಕೆ ಏನಾದೀತು ಅಂದುಕೊಂಡೆ.

ಕಲ್ಮಲ ಬಂತು.

11 ಜೂನ್
ಕಾರಹುಣ್ಣಿಮೆ

ಊರಲ್ಲಿ ಎತ್ತುಗಳ ಗದ್ದಲ. ಅಂಗಡಿ ಅರ್ಧ ದಿನ.

ಅಣ್ಣ ಮೌನೇಶನ ಮನೆಗೆ ಬಂದು ಹನ್ನೊಂದು ವರ್ಷ. ಗಂಡ ಸತ್ತ ಮೂರು ತಿಂಗಳಿಗೆ ಬಂದವಳು, ಪಡಸಾಲೆಯ ಮಂಚ ಇವತ್ತಿಗೂ ನನ್ನದು. ನೆಂಟರು ಬಂದರೆ ಮಂಚ ಅವರದು. ಇವತ್ತೂ ಬಂದಿದ್ದಾರೆ. ಅಣ್ಣ ಕೆಟ್ಟವನಲ್ಲ, ಅತ್ತಿಗೆಯೂ ಅಲ್ಲ. "ಒಂದೆರಡು ದಿನ ಹೊಂದ್ಕೋವ್ವಾ ಸುನಂದಾ" ಅನ್ನುತ್ತಾಳೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹೀಗಂದರೆ ಏನು ಮಾಡಲಿ?

ರಾಯಚೂರಿನಲ್ಲಿ ಸ್ಟೇಷನ್ ಹತ್ತಿರ ಒಂದು ರೂಮು ನೋಡಿಟ್ಟಿದ್ದೇನೆ. ಬಾಗಿಲಿಗೆ ಒಳಗಿನಿಂದ ಅಗಳಿ ಇದೆ. ಎರಡು ಸಲ ಹಾಕಿ ತೆಗೆದು ನೋಡಿದೆ. ಮಾಲೀಕಳು ದಾವಲ್ ಬೀ, ಆಷಾಢ ಮುಗಿಯುವವರೆಗೆ ಕಾಯುತ್ತೇನೆ ಅಂದಿದ್ದಾಳೆ.

ಎಲ್ಲ ನಾನು ಅರ್ಜಿ ಹಾಕಿದ ಕೆಲಸದ ಮೇಲೆ ನಿಂತಿದೆ. ಅಯ್ಯಮ್ಮನ ಏಜೆನ್ಸಿಯಲ್ಲೇ, ಡೇಟಾ ಎಂಟ್ರಿ, ಪಿ.ಎಫ್. ಸಮೇತ. ಟೆಸ್ಟ್ ಆಗಿದೆ, ನನ್ನ ಹೆಸರು ಮೊದಲ ಮೂರರಲ್ಲಿದೆ ಅಂತ ಏಜೆನ್ಸಿಯ ರಾಯಚೂರು ಸೂಪರ್‌ವೈಸರ್ ಅಂಬರೀಶ ಹೇಳಿದ. ನನ್ನ ಅರ್ಜಿಯ ಕೊನೆಗೂ ಅದೇ ಸಾಲು. ಇಲ್ಲದೆ ಇರುತ್ತದೆಯೇ?

24 ಜೂನ್, ಮಂಗಳವಾರ
ಮಧ್ಯಾಹ್ನ, ಅಂಗಡಿ

ಅಯ್ಯಮ್ಮ ಬಂದಳು. ಕೈಯಲ್ಲಿ ಏಜೆನ್ಸಿ ಕಾಗದ. "ಏನ್ ಬರದಾರ ನೋಡ್ರಿ ಅಕ್ಕಾರ."

ನಾಲ್ಕೇ ಸಾಲು. ನಿಮ್ಮ ಒಂಬತ್ತನೇ ತಾರೀಖಿನ ಪತ್ರ ನೋಡಲಾಗಿದೆ. ಯಾವ ಊರಿಗೂ ಯಾವ ಪರಿಸ್ಥಿತಿಗೂ ಹೊಂದಿಕೊಳ್ಳುತ್ತೇನೆಂದು ಕೊನೆಯ ಪ್ಯಾರಾದಲ್ಲಿ ನೀವೇ ಒಪ್ಪಿರುತ್ತೀರಿ. ಆದ್ದರಿಂದ ಜುಲೈ ಒಂದರಂದು ಮಾನ್ವಿಯಲ್ಲಿ ಹಾಜರಾಗತಕ್ಕದ್ದು.

ಕಂಪ್ಯೂಟರಿನಲ್ಲಿ ಅವಳ ಕಾಗದ ತೆಗೆದೆ. ಇದೆ. ತಂಗಿಯ ಪ್ಯಾರಾದ ಕೆಳಗೇ ಇದೆ. ದೇವದುರ್ಗ ಬಿಡಿಸಬೇಡಿ ಎಂದು ಬೇಡಿಕೊಂಡವಳ ಬಾಯಲ್ಲಿ ಎಲ್ಲಿಗಾದರೂ ಹೋಗುತ್ತೇನೆ ಅನ್ನಿಸಿದ್ದೇನೆ. ಯಾವಾಗ ಟೈಪ್ ಮಾಡಿದೆ ಎಂಬುದೇ ನೆನಪಿಲ್ಲ. ಕಣ್ಣು ಕ್ಯೂ ಮೇಲೆ, ಕೈ ತನ್ನ ಪಾಡಿಗೆ.

"ಆಗಂಗಿಲ್ಲ ಅಂದಾರೇನ್ರೀ?"

"ಹೂಂ... ನೋಡ್ತೀನಿ ತಡಿ ಅಯ್ಯಮ್ಮ. ಇನ್ನೊಂದು ಬರದು ನಾನ ಹೋಗಿ ಕೊಡ್ತೀನಿ."

"ನಿಮ್ಮ ಪುಣ್ಯ ಬರ್ತದ್ರೀ."

ಅಂದಳು. ಕೈ ಬೇರೆ ಮುಗಿದಳು. ನನ್ನ ತಪ್ಪು ಅಂತ ಹೇಳಲಿಲ್ಲ. ನಾಚಿಕೆ.

25 ಜೂನ್

ಹೊಸ ಕಾಗದ ಹಿಡಿದು ಅಂಬರೀಶನ ಹತ್ತಿರ ಹೋದೆ. ಎರಡು ಕಾಗದವನ್ನೂ ಪಕ್ಕಪಕ್ಕ ಇಟ್ಟು ನೋಡಿದ.

"ಮ್ಯಾಡಮ್, ಇದರಾಗ ಬರಂಗಿಲ್ಲ ಅಂತಾಳ, ಅದರಾಗ ಎಲ್ಲಿಗಾದ್ರೂ ಬರ್ತೀನಿ ಅಂದಾಳ. ಹೈದರಾಬಾದಿನೋರು ಯಾವ್ದು ನಂಬಬೇಕು? ಅವರಿಗಿ ಮಾನ್ವಿಗಿ ಒಬ್ರು ಬೇಕಿತ್ತು. ಈಕಿ ತಾನ ಹೂಂ ಅಂದಾಳ."

"ಆಕಿ ಅಂದಿಲ್ಲ. ನಾ ಬರದಿದ್ದು. ಓದಿ ಹೇಳಲಿಲ್ಲ."

ಅವನು ಪೆನ್ನು ಕೆಳಗಿಟ್ಟ. ಹುಡುಗ ಒಳ್ಳೆಯವನು, ದನಿ ತಗ್ಗಿಸಿಯೇ ಹೇಳಿದ. "ಬಾಯಿಮಾತು ಅಲ್ಲಿಗಿ ಮುಟ್ಟಂಗಿಲ್ಲ. ಆ ಸಾಲು ಅರ್ಜಿದಾರರದ್ದಲ್ಲ, ನಾನ ಅವರಿಗಿ ಕೇಳಲಾರ್ದ ಹಾಕೀನಿ ಅಂತ ಬರದು, ಸಹಿ, ಅಂಗಡಿ ಸೀಲು ಹಾಕಿ ಕೊಡ್ರಿ. ಆದ್ರ ವಿಚಾರ ಮಾಡ್ರಿ ಮ್ಯಾಡಮ್. ನಿಮ್ಮ ಫೈಲೂ ಅಲ್ಲಿ ಅದೇ ಟೇಬಲ್ ಮ್ಯಾಲ ಅದ. ಟೈಪಿಂಗ್ ಕೆಲಸ ಕೇಳಿದೋರು ಟೈಪಿಂಗ್‌ದಾಗ ತಪ್ಪು ಮಾಡೀನಿ ಅಂತ ಸಹಿ ಮಾಡಿ ಕಳಿಸಿದ್ರ..."

ಹೊಸ ಕಾಗದ ಮಡಚಿ ಎದ್ದೆ.

ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಅಯ್ಯಮ್ಮನಿಗೆ ಇಂಗ್ಲಿಷ್ ಬಾರದು. ಅಂಬರೀಶ ಹೇಳುವವನಲ್ಲ. ನಾನು ಸುಮ್ಮನಿದ್ದರೆ ಯಾರಿಗೂ ಗೊತ್ತಾಗದು. ಮಾನ್ವಿಯಲ್ಲೂ ಜನ ಇದ್ದಾರೆ, ತಂಗಿಯನ್ನು ಕರೆದುಕೊಂಡು ಹೋಗಬಹುದು, ನಾಲ್ಕು ದಿನ ಕಷ್ಟ, ಆಮೇಲೆ ಹೊಂದಿಕೊಳ್ಳು—

ಆ ಮಾತು ತಲೆಗೆ ಬಂದದ್ದೇ ಲೆಕ್ಕ ಅಲ್ಲಿಗೇ ಬಿಟ್ಟೆ.

27 ಜೂನ್, ಶುಕ್ರವಾರ
ದೇವದುರ್ಗದಿಂದ ವಾಪಸ್, ಬಸ್ಸು

ರಜೆ ಹಾಕಿ ಹೋದೆ. ಯಾಕೆ ಹೋದೆನೋ. ಅವರ ಮನೆ ಕಂಡರೆ ಮನಸ್ಸು ಒಂದು ಕಡೆ ನಿಲ್ಲುತ್ತದೆ ಅಂತ ಇರಬೇಕು.

ಒಂದೇ ಕೋಣೆ. ಮುಂದೆ ಕಲ್ಲಿನ ಕಟ್ಟೆ. ಕಟ್ಟೆಯ ಮೇಲೆ ತಂಗಿ, ಹನುಮಂತಮ್ಮ. ಮೂವತ್ತೈದು ಇದ್ದೀತು. ಮೊರದಲ್ಲಿ ಓಣಿಯವರ ಜೋಳ ಹಸನು ಮಾಡುತ್ತಿದ್ದಳು. ಹರಳು ಸಿಕ್ಕಿದರೆ ಬೆರಳು ನಿಲ್ಲುತ್ತದೆ, ಎತ್ತಿ ಬಲಗಡೆ ಎಸೆಯುತ್ತಾಳೆ. ನನ್ನ ಧ್ವನಿ ಕೇಳಿ ಎದ್ದಳು. "ಅರ್ಜಿ ಬರದ ಅಕ್ಕಾರೇನ್ರೀ? ಕೂಡ್ರಿ, ನೀರು ತರ್ತೀನಿ." ಹೊಸ್ತಿಲಿನಿಂದ ನಲ್ಲಿಗೆ ಹನ್ನೊಂದು ಹೆಜ್ಜೆ. ಬಾಯಲ್ಲೇ ಎಣಿಸುತ್ತಾಳೆ, ತುಟಿ ಅಲ್ಲಾಡುತ್ತದೆ. ಒಂದು ಹನಿ ಚೆಲ್ಲದೆ ತಂಬಿಗೆ ತಂದು ನನ್ನ ಕೈಗೇ ಇಟ್ಟಳು. ಹಾಸ್ಟೆಲಿನ ಹಿತ್ತಲ ಬಾಗಿಲಿಗೆ ನೂರಾ ನಲವತ್ತಂತೆ. ನಡುವೆ ಗಟಾರ ಬಂದಾಗ ಹೆಜ್ಜೆ ದೊಡ್ಡದು ಮಾಡಬೇಕು.

"ನನ್ನ ಹೆಸರು ಇಂಗ್ಲಿಷಿನ್ಯಾಗ ಬರದೀರಂತ. ಅಕ್ಕ ಹೇಳಿದ್ಳು. ಹೆಂಗ ಬರೀತಾರ್ರೀ, ಉದ್ದ ಆಗ್ತದಾ?"

ಅಷ್ಟರಲ್ಲಿ ಅಯ್ಯಮ್ಮ ಹಾಸ್ಟೆಲಿನಿಂದ ಬಂದಳು, ಸೆರಗಿಗೆ ಕೈ ಒರೆಸುತ್ತ. ಇನ್ನು ತಡೆದರೆ ಆಗುವುದಿಲ್ಲ ಅನ್ನಿಸಿತು. ಹೇಳಿಬಿಟ್ಟೆ. ಎಲ್ಲ ಹೇಳಿದೆ.

ಅಯ್ಯಮ್ಮ ಮೊದಲು ನಂಬಲಿಲ್ಲ. ಆಮೇಲೆ ಸಿಟ್ಟು. ಬರಬೇಕಾದದ್ದೇ. "ನಾ ಒಂದ ಮಾತು ಹೇಳಿದ್ದೆ ನಿಮಗ. ಒಂದ! ಎರಡು ಮಾತು ಹೇಳಿದ್ದಿಲ್ಲ. ಅದೂ ಬರೀಲಾರ್ದ ನಿಮ್ಮ ಮನಸಿಗಿ ಬಂದಂಗ ಬರದು ನನ್ನ ಸಹಿ ಹಾಕ್ಸಿದ್ರಿ? ನಾ ಇವತ್ತಿನ ಮಟಾ ಆಫೀಸಿನೋರಿಗಿ ಶಾಪ ಹಾಕಾಕತ್ತಿದ್ದೆ!"



ಹನುಮಂತಮ್ಮ ಮೊರ ಕೆಳಗಿಟ್ಟಳು. "ಆ ಸಾಲು ಕನ್ನಡದಾಗ ಹೇಳ್ರಿ ಅಕ್ಕಾರ."

ಹೇಳಿದೆ. ಯಾವ ಊರಿಗೂ, ಯಾವ ಪರಿಸ್ಥಿತಿಗೂ ಹೊಂದಿಕೊಳ್ಳುತ್ತೇನೆ.

ಅವಳು ಆ ಸಾಲನ್ನು ಬಾಯಲ್ಲೇ ಒಮ್ಮೆ ಹೇಳಿಕೊಂಡಳು. "ಇದು ಅಕ್ಕಂದಲ್ಲ. ನಂದೂ ಅಲ್ಲ. ಮತ್ತ ಯಾರ್ದು?"

"ನಂದು."

"ನಿಮ್ದಾ? ಖರೇನಾ?" ಅಂದಳು. ಚುಚ್ಚಬೇಕೆಂದು ಅಂದದ್ದಲ್ಲ. ತಿಳಿಯಲು ಕೇಳಿದ್ದು. ಬಸ್ಸು ಗಬ್ಬೂರು ದಾಟಿದರೂ ಉತ್ತರ ಹುಡುಕುತ್ತಿದ್ದೇನೆ.

28 ಜೂನ್

ಬರೆಯಲಿಲ್ಲ. ಅಂಬರೀಶ ಕೇಳಿದ ಕಾಗದದ ಮಾತು ಹೇಳುತ್ತಿದ್ದೇನೆ. ಮೂರು ಸಲ ಶುರು ಮಾಡಿ ಅಳಿಸಿದೆ. ದಾವಲ್ ಬೀ ಫೋನು ಮಾಡಿದ್ದಳು. ರೂಮಿಗೆ ಸುಣ್ಣ ಹೊಡೆಸಿದ್ದಾಳಂತೆ, ಬಂದು ನೋಡು ಅಂದಳು. ಹೋಗಲಿಲ್ಲ.

30 ಜೂನ್, ಸೋಮವಾರ
ಸಂಜೆ, ಅಂಗಡಿ

ಬರೆದೆ. ಐದೇ ಸಾಲು.

ಬೆಳಿಗ್ಗೆ ಎಂಟಕ್ಕೆ ಪೀರಾ ಸಾಬರು ಬೀಗ ತೆಗೆಯುವಾಗಲೇ ಹೇಳಿದೆ. ಸೀಲು ಅವರದು, ಅಂಗಡಿ ಅವರಪ್ಪನ ಹೆಸರಿನದು. ಕನ್ನಡದಲ್ಲಿ ಓದಿ ಹೇಳಿದೆ — ಅರ್ಜಿದಾರಳನ್ನು ಕೇಳದೆ, ಅವಳು ಹೇಳದ ಮಾತನ್ನು ನಾನು ಸೇರಿಸಿದ್ದೇನೆ. ಓದಿ ಹೇಳದೆ ಸಹಿ ಪಡೆದಿದ್ದೇನೆ. ತಪ್ಪು ನನ್ನದು.

ಕನ್ನಡಕ ಒರೆಸುತ್ತ ಕೇಳಿದರು. ಮುಖ ಸಣ್ಣದಾಯಿತು. "ನಮ್ಮ ಅಬ್ಬಾ ಇದ್ದಾಗ ಹಿಂಗ ಆಗಿದ್ದಿಲ್ಲಮ್ಮಾ."

"ಅಂಗಡಿ ಹೆಸರು ಬ್ಯಾಡಂದ್ರ ಬಿಡ್ರಿ ಚಾಚಾ. ನನ್ನ ಸಹಿ ಅಷ್ಟ ಕೊಟ್ಟು ನೋಡ್ತೀನಿ."

"ಸೀಲಿಲ್ಲದ ಕಾಗದಕ್ಕ ಕಿಮ್ಮತ್ತಿಲ್ಲ." ಡ್ರಾವರ್ ಎಳೆದರು, ಪ್ಯಾಡಿನ ಮೇಲೆ ಸೀಲು ಎರಡು ಸಲ ಒತ್ತಿದರು, ತಾವೇ ಹಾಕಿದರು. ಸ್ವಲ್ಪ ವಾರೆಯಾಯಿತು. "ಸರಿ ಅದ. ಹೋಗು, ಕೊಟ್ಟು ಬಾ. ಕ್ಯೂ ನಾ ನೋಡ್ಕೋತೀನಿ." ಅವರಿಗೆ ಮೌಸು ಹಿಡಿಯಲೂ ಬಾರದು.

ಅಂಬರೀಶ ಸ್ಕ್ಯಾನ್ ಮಾಡಿ ಕಳಿಸುವ ಮುಂಚೆ ಒಮ್ಮೆ ನನ್ನ ಮುಖ ನೋಡಿದ. "ಉತ್ತರ ಬರೋ ಮಟಾ ಆಕಿ ದೇವದುರ್ಗದಾಗ ಇರ್ಲಿ. ಕಳಿಸ್ಲಾ?"

"ಕಳಿಸು."

8 ಜುಲೈ

ಮೊಹರಂ ಮುಗಿದು ನಿನ್ನೆ ಅಂಗಡಿ ತೆರೆಯಿತು. ಒಂದು ವಾರ ಬಸ್ಸಿನಲ್ಲಿ ಸೀಟೇ ಸಿಕ್ಕಿಲ್ಲ. ಸಿಕ್ಕಿದ್ದರೂ ಬರೆಯುತ್ತಿದ್ದೆನೋ ಇಲ್ಲವೋ.

ಅಂಬರೀಶನ ಫೋನು. ಅಯ್ಯಮ್ಮ ದೇವದುರ್ಗದಲ್ಲೇ ಇರಬಹುದು. ಮಾನ್ವಿಗೆ ಬಾಗಲವಾಡದ ಒಬ್ಬಳು ಸಿಕ್ಕಿದ್ದಾಳೆ, ಅವಳಿಗೆ ಅದೇ ಹತ್ತಿರವಂತೆ. ಇಷ್ಟು ಸುಲಭದ್ದು. ಇದಕ್ಕಾಗಿ ಅಷ್ಟೆಲ್ಲ!

"ನಿಮ್ದು..." ಅಂದ.

"ಹೇಳಪ್ಪಾ."

"ಲಿಸ್ಟಿನ್ಯಾಗಿಂದ ಹೆಸರು ತೆಗ್ದಾರ್ರೀ ಮ್ಯಾಡಮ್. ಕಾರಣ ಬರದಿಲ್ಲ."

ಆಯಿತು ಅಂದೆ. ಫೋನಿಟ್ಟು ಹನ್ನೊಂದು ಅರ್ಜಿ ಟೈಪ್ ಮಾಡಿದೆ. ಊಟದ ಡಬ್ಬಿ ತೆಗೆದಾಗ ಅಳು ಬಂತು. ರೊಟ್ಟಿ ಮುರಿದು ಕೂತಿದ್ದೆ ಸುಮ್ಮನೆ. ಒಳ್ಳೆಯ ಕೆಲಸ ಮಾಡಿದರೆ ಮನಸ್ಸು ಹಗುರವಾಗುತ್ತದೆ ಅನ್ನುತ್ತಾರಲ್ಲ, ಅದೆಲ್ಲ ಸುಳ್ಳು. ನನಗೆ ಆ ರೂಮು ಬೇಕಿತ್ತು. ಆ ಅಗಳಿ ಬೇಕಿತ್ತು.

ದಾವಲ್ ಬೀಗೆ ಹೇಳಿದೆ. ಬೇರೆಯವರಿಗೆ ಕೊಡು ಅಂತ.

14 ಜುಲೈ, ಸೋಮವಾರ

ಈಗ ಎಲ್ಲರಿಗೂ ಓದಿ ಹೇಳುತ್ತೇನೆ. ಕ್ಯೂ ಬೈಯುತ್ತದೆ. ಬೈಯಲಿ.

ಗಿಲ್ಲೆಸುಗೂರಿನ ಜಗದೀಶ, ಇಪ್ಪತ್ತಮೂರು ವಯಸ್ಸು, ಕೊರಿಯರ್ ಕಂಪನಿಗೆ ಅರ್ಜಿ. "ನಿಮ್ಮ ಲೈನ್ ಹಾಕ್ರಿ ಅಕ್ಕಾರ." ಕನ್ನಡದಲ್ಲಿ ಹೇಳಿ ಕೇಳಿದೆ, ಇದು ನಿನ್ನ ಮಾತೇನಪ್ಪಾ? "ಹೌದ್ರೀ! ಎಲ್ಲಿಗಿ ಬೇಕಾದ್ರೂ ಕಳಿಸ್ಲಿ. ನಮ್ಮೂರು ಬಿಟ್ಟು ಎಲ್ಲಿಗಾದ್ರೂ." ನಕ್ಕ. ಹಾಕಿದೆ. ಇಷ್ಟು ವರ್ಷದಲ್ಲಿ ಆ ಸಾಲು ಒಂದು ಕಾಗದಕ್ಕೆ ಇಷ್ಟು ಒಪ್ಪಿದ್ದು ನೋಡಿರಲಿಲ್ಲ.

ಅವನ ಹಿಂದೆ ಇಮಾಮ್ ಬೀ, ನರ್ಸ್ ಕೆಲಸಕ್ಕೆ. ಓದಿ ಹೇಳಿದೆ. "ಎಲ್ಲಿಗಾದ್ರೂ ಅಂದ್ರ... ಮಕ್ಕಳು ಸಣ್ಣವು ಅದಾವ್ರೀ. ರಾಯಚೂರು ತಾಲೂಕಿನ್ಯಾಗ ಅಂತ ಹಾಕ್ರಿ. ನಡೀತದಾ?" ನಡೆಯುತ್ತದೆ ಅಂದೆ. ಕೆಲಸ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಮಾತಂತೂ ಅವಳದು.

ಸಂಜೆ ದೇವದುರ್ಗದ ಬಸ್ಸಿನ ಕಂಡಕ್ಟರ್ ಒಂದು ಚೀಲ ಕೊಟ್ಟು ಹೋದ. ಹಸನು ಮಾಡಿದ ಜೋಳ, ಎರಡು ಸೇರು. ಒಂದು ಹರಳಿಲ್ಲ. ಹುಡುಕಿದೆ.

21 ಜುಲೈ, ಸೋಮವಾರ
ಸಂಜೆ ಐದೂವರೆ, ಅಂಗಡಿ

ಮಾನ್ವಿಯ ಒಂದು ಕಾಲೇಜು ಆಫೀಸಿಗೆ ಟೈಪಿಸ್ಟ್ ಬೇಕಂತೆ. ಇರಲು ಕ್ವಾರ್ಟರ್ಸ್ ಇಲ್ಲ. ಸಂಸ್ಥೆಯ ಬೇರೆ ಶಾಖೆಗಳಿಗೂ ಕಳಿಸಬಹುದು, ಒಪ್ಪಿಗೆ ಇರಬೇಕು ಅಂತ ಜಾಹೀರಾತಿನಲ್ಲೇ ಇದೆ. ವಯಸ್ಸು ನಲವತ್ತೈದರೊಳಗೆ. ನನಗೆ ನಲವತ್ತಮೂರು. ಇನ್ನೆಷ್ಟು ಕಡೆ ಅರ್ಜಿ ಹಾಕಲಿಕ್ಕಿದೆ? ಎರಡು... ಮೂರು?

ಗಿರಾಕಿ ಇಲ್ಲದ ಹೊತ್ತು ನೋಡಿ ಟೈಪ್ ಮಾಡಿದೆ. ಹೆಸರು, ವಿಳಾಸ, ಬಿ.ಎ., ಹದಿನಾಲ್ಕು ವರ್ಷದ ಅನುಭವ. ಕೊನೆಯ ಪ್ಯಾರಾ ಕೈ ತಾನೇ ಟೈಪ್ ಮಾಡಿತು. ಪ್ರಿಂಟ್ ಕೊಟ್ಟೆ. ಸಹಿ ಮಾಡಲು ಪೆನ್ನು ತೆಗೆದೆ.

"ಓದಿ ಹೇಳಿದೇನು?" ಪೀರಾ ಸಾಬರು, ಕುರ್ಚಿಯಿಂದ.

"ನಂದ ಅದ ಚಾಚಾ. ನಂಗ ಇಂಗ್ಲಿಷ್ ಬರ್ತದ."

"ಬಂದ್ರೇನಾತು? ಕಟ್ಟಳಿ ಎಲ್ಲರಿಗೂ ಒಂದ. ಇಲ್ಲಿ ಕೊಡು. ಇಂಗ್ಲಿಷ್ ಓದಾಕ ನಂಗ ಬರಂಗಿಲ್ಲ, ನೀನ ಓದು. ಕೇಳೋದು ನಾ ಕೇಳ್ತೀನಿ."

ನಗು ಬಂತು ಮೊದಲು. ನಿಂತುಕೊಂಡು ಓದಿದೆ, ಗಿರಾಕಿಗಳಿಗೆ ಓದುವ ಹಾಗೆ, ಕನ್ನಡದಲ್ಲಿ. ಸುನಂದಾ, ಕಲ್ಮಲ. ಅನುಭವ ಓದುವಾಗ ಧ್ವನಿ ಚೆನ್ನಾಗಿಯೇ ಇತ್ತು. ಕೊನೆಗೆ ಬಂದೆ. ಯಾವ ಊರಿಗೂ, ಯಾವ ಪರಿಸ್ಥಿತಿಗೂ...

ಪಡಸಾಲೆಯ ಮಂಚ ಕಣ್ಣ ಮುಂದೆ ಬಂತು. ನೆಂಟರು ಬಂದ ದಿನ ಅಡುಗೆ ಮನೆಯಲ್ಲಿ ಹಾಸಿಕೊಳ್ಳುವ ಚಾಪೆ. ಹನ್ನೊಂದು ವರ್ಷ. ಹನುಮಂತಮ್ಮ ಕೇಳಿದ ಆ 'ಖರೇನಾ?'

ಹೊಂದಿಕೊಳ್ಳುತ್ತೇನೆ ಅಂತ ಓದಿ ಮುಗಿಸಿದೆ.

ಅವರು ಕನ್ನಡಕ ತೆಗೆದರು. ನನ್ನನ್ನೇ ನೋಡಿದರು. "ಸರಿ ಅದಾ?"

ಸಾವಿರಾರು ಜನರನ್ನು ನಾನು ಕೇಳಿದ ಪ್ರಶ್ನೆ. ನನ್ನನ್ನು ಯಾರೂ ಕೇಳಿರಲಿಲ್ಲ. ಪೆನ್ನು ಕೈಯಲ್ಲೇ ಇದೆ, ಕಾಗದ ಮೇಜಿನ ಮೇಲಿದೆ, ಚಾಚಾ ಕಾಯುತ್ತಿದ್ದಾರೆ. ಒಂದು ನಿಮಿಷ ತಡೀರಿ ಅಂತ ಹೇಳಿ, ಆ ಸಾಲಿನ ಜಾಗಕ್ಕೆ ನನ್ನದೇ ಮಾತು ಇಲ್ಲಿ ಬರೆದು ನೋಡುತ್ತಿದ್ದೇನೆ: ನಾನು